ಊರು ಒಂದೇ, ಸ್ಟೇಷನ್ ಮೂರು

ಮೊನ್ನೆ ಅಜ್ಜಿಗೆ ರೈಲು ಟಿಕೆಟ್ ಬುಕ್ ಮಾಡಿ ತೋರಿಸಿದೆ. "ನಾನು ಹೋಗೋದು ಕಾಶಿಗೆ ಕಣೋ, ಇದ್ಯಾವುದು ಬನಾರಸ್?" ಅಂತ ಗಾಬರಿಯಾದ್ರು.

ತಪ್ಪು ಅವರದಲ್ಲ. ಆ ಊರಲ್ಲಿ ಕಾಶಿ, ವಾರಾಣಸಿ, ಬನಾರಸ್ ಅಂತ ಮೂರು ಬೇರೆ ಬೇರೆ ಸ್ಟೇಷನ್‌ಗಳೇ ಇವೆ!

ಸಂಸ್ಕೃತದ 'ಕಾಶ್' ಅಂದರೆ ಹೊಳೆ. ಹಾಗಾಗಿ ಕಾಶಿ ಬೆಳಕಿನ ಊರು. ವರುಣಾ, ಅಸಿ ನದಿಗಳ ನಡುವಿನದು ವಾರಾಣಸಿ ಅನ್ನೋದು ರೂಢಿಯ ವಿವರಣೆ. ಪಾಳಿಯಲ್ಲಿ ಅದೇ ಬಾರಾಣಸಿ. ಜನರ ಬಾಯಲ್ಲಿ ಅಕ್ಷರಗಳು ಅದಲುಬದಲಾಗಿ ಬನಾರಸ್ ಆಯ್ತು. 1956ರಲ್ಲಿ ವಾರಾಣಸಿ ಅಧಿಕೃತವಾಯಿತು. 2021ರಲ್ಲಿ ಮಂಡುವಾಡೀಹ್ ಸ್ಟೇಷನ್ನಿಗೆ ಬನಾರಸ್ ಹೆಸರು ಬಂತು.

ಎಲ್ಲ ಕೇಳಿದ ಅಜ್ಜಿ ಅಂದ್ರು: "ಸರಿ, ಇಳಿಯೋ ಸ್ಟೇಷನ್ ಹೆಸರು ಚೀಟೀಲಿ ದಪ್ಪಕ್ಷರದಲ್ಲಿ ಬರೆದುಕೊಡು. ಕೇಳಿದವರಿಗೆ ಮಾತ್ರ ಕಾಶಿಗೆ ಹೋಗ್ತಿದೀನಿ ಅಂತಲೇ ಹೇಳ್ತೀನಿ."