ಹೆಬ್ಬೆರಳ ನೋವು: ಕಾಯಕ ಬಿಡುವುದು ಬೇಡ, ಹಿಡಿತ ಬದಲಾಗಲಿ
(ಗಣೇಶಗುಡಿಯಲ್ಲಿ ನೀಡಿದ ಉಪನ್ಯಾಸ)



ಆಯ್ದಕ್ಕಿ ಮಾರಯ್ಯನವರು ಅಕ್ಕಿಕಾಳು ಆಯ್ದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮೇದಾರ ಕೇತಯ್ಯನವರದು ಬಿದಿರಿನ ಕಾಯಕ. ಹೆಬ್ಬೆರಳಿಲ್ಲದೆ ಈ ಮೂರರಲ್ಲಿ ಒಂದೂ ನಡೆಯದು. ಇಂದಿಗೂ ರೊಟ್ಟಿ ಬಡಿಯಲು, ಬಟ್ಟೆ ಹಿಂಡಲು, ಅಡಕೆ ಕತ್ತರಿಸಲು ಅದೇ ಬೇಕು. ಐವತ್ತು ದಾಟಿದ ಮೇಲೆ, ಹೆಂಗಸರಲ್ಲಿ ಹೆಚ್ಚಾಗಿ, ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಇದು ಕೀಲು ಸವೆದು ಬರುವ ಸಂಧಿವಾತ. ಕೆಲವರು ವಯಸ್ಸಾಯಿತೆಂದು ನೋವು ನುಂಗಿ ದುಡಿಯುತ್ತಾರೆ. ಕೆಲವರು ಕೆಲಸವನ್ನೇ ಬಿಡುತ್ತಾರೆ. ಎರಡೂ ಬೇಕಿಲ್ಲ.

ನಮ್ಮ ಸೂಪಾ ಅಣೆಕಟ್ಟನ್ನು ನೋಡಿ. 101 ಮೀಟರ್ ಎತ್ತರದ ಆ ಕಟ್ಟೆಗೆ ನೀರಿನ ಒತ್ತಡ ಮೇಲೆ ಕಡಿಮೆ, ತಳದಲ್ಲಿ ಹೆಚ್ಚು. ಹೆಬ್ಬೆರಳಿನಲ್ಲಿ ಕಾರಣ ಬೇರೆ, ಅಲ್ಲಿ ಸ್ನಾಯುಗಳ ಎಳೆತ ಮತ್ತು ಸನ್ನೆಯ ನಿಯಮ. ಆದರೆ ಭಾರ ಬೀಳುವುದು ಬುಡಕ್ಕೇ. ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿ ಹಿಡಿದರೆ ಬುಡದ ಕೀಲಿಗೆ ಸುಮಾರು 12 ಕಿಲೋ ಭಾರ ಬೀಳುತ್ತದೆ. ತುದಿಯಲ್ಲಿ ಸ್ವಲ್ಪ ಇಳಿಸಿದರೂ ಬುಡಕ್ಕೆ ಬಹಳ ಬಿಡುವು ಸಿಗುತ್ತದೆ. ಫಿಸಿಯೊಥೆರಪಿಯ ಮರ್ಮ ಇಷ್ಟೇ.

ಮೊದಲನೆಯದು ಹಿಡಿತ. ಚಾಕು, ಸೌಟು, ಪೆನ್ನುಗಳಿಗೆ ಬಟ್ಟೆ ಸುತ್ತಿ ಹಿಡಿಕೆ ದಪ್ಪ ಮಾಡಿ. ಪಾತ್ರೆಯನ್ನು ಎರಡೂ ಅಂಗೈಗಳಿಂದ ಎತ್ತಿ. ಇಷ್ಟಲಿಂಗ ಪೂಜೆಯಲ್ಲಿ ಹೆಬ್ಬೆರಳು ಬಿಗಿಯುವುದು ಬೇಡ. ಅಂಗೈ ಹರವಿ, ಮೊಳಕೈ ಕೆಳಗೆ ದಿಂಬಿಟ್ಟುಕೊಳ್ಳಿ. ನಿಷ್ಠೆ ಇರುವುದು ಮನಸ್ಸಿನಲ್ಲಿ, ಬಿಗಿದ ಬೆರಳಲ್ಲಲ್ಲ.

ಎರಡನೆಯದು ಸ್ಪ್ಲಿಂಟ್ ಎಂಬ ಆಧಾರಪಟ್ಟಿ. ಅದು ಬುಡದ ಕೀಲನ್ನು ಹಿಡಿದು, ಉಳಿದ ಬೆರಳುಗಳನ್ನು ಆಡಲು ಬಿಡುತ್ತದೆ. ಫಿಸಿಯೊಥೆರಪಿಸ್ಟ್ ಬಳಿ ಕೈಯ ಅಳತೆಗೆ ಹೊಂದಿಸಿಕೊಳ್ಳಿ. ಎಂಟು ದಿನ ಹಾಕಿ ಮೂಲೆಗೆ ಎಸೆಯಬೇಡಿ. ಗುಣ ಕಾಣಲು 3 ತಿಂಗಳಾದರೂ ಬೇಕು.

ಮೂರನೆಯದು ವ್ಯಾಯಾಮ. ಮೊದಲು ಹತ್ತು ನಿಮಿಷ ಕೈಯನ್ನು ಬೆಚ್ಚಗಿನ ನೀರಿನಲ್ಲಿಡಿ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸವನ್ನು ಮೆಲ್ಲಗೆ ನೀವಿ. ಲೋಟ ಹಿಡಿದಂತೆ ಬೆರಳುಗಳನ್ನು ದುಂಡಗೆ ಬಾಗಿಸಿ ಬಿಡಿ. ತೋರುಬೆರಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಅದರ ಎಳೆತಕ್ಕೆ ಎದುರಾಗಿ ಬೆರಳನ್ನು ಹೆಬ್ಬೆರಳಿನ ಕಡೆಗೆ ಸರಿಸಿ. ಆ ಸ್ನಾಯು ಬಲಿತರೆ ಕೀಲು ತನ್ನ ಜಾಗದಲ್ಲಿ ನಿಲ್ಲುತ್ತದೆ. ಗಟ್ಟಿ ಚೆಂಡು ಹಿಸುಕಬೇಡಿ. ನೋವು ಹೆಚ್ಚಾದರೆ ವ್ಯಾಯಾಮ ಕಡಿಮೆ ಮಾಡಿ.

ಸವೆದ ಕೀಲು ಮತ್ತೆ ಹೊಸದಾಗದು. ಆದರೆ ನೋವು ಇಳಿಯುತ್ತದೆ, ಕೈ ಕೆಲಸಕ್ಕೆ ಬರುತ್ತದೆ. ಕೀಲು ಕೆಂಪಾಗಿ ಊದಿದರೆ, ಬೆರಳು ಜೋಮು ಹಿಡಿದರೆ, ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ ವೈದ್ಯರಿಗೆ ತೋರಿಸಿ.

ಕೊನೆಯ ಮಾತು ನಮ್ಮ ಗಂಡಸರಿಗೆ. ದಾಸೋಹಕ್ಕೆ ನೂರಾರು ರೊಟ್ಟಿ ಬಡಿದ ಕೈಗಳೇ ಮನೆಯಲ್ಲಿ ಬಟ್ಟೆಯನ್ನೂ ಹಿಂಡಬೇಕೆ? ಬಟ್ಟೆ ನಾವು ಹಿಂಡೋಣ. ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಕಳಿಸಿದರು. ತಾಯಂದಿರ ಕೈಯಿಂದಲೂ ನಾವು ಬೇಕಾದಷ್ಟನ್ನೇ ಕೇಳೋಣ.