ಬಂಗಾರ ಇಳಿದದ್ದು ಫೋನಲ್ಲಿ ಕಾಣುತ್ತೆ, ಮನೆ ಇಳಿದದ್ದು ಕಾಣಲ್ಲ

(ಸಂಚಿಕೆಯ ಬರಹ ರೂಪ)

ಹೆಗ್ಗರಣೆಯಿಂದ ಮಾತಾಡ್ತಾ ಇದ್ದೀನಿ. ಹೊರಗೆ ಮಳೆ ಸದ್ದು ಕೇಳಿಸಿದ್ರೆ ಸ್ವಲ್ಪ ಸುಧಾರಿಸಿಕೊಳ್ಳಿ.

ಇವತ್ತಿನ ವಿಷಯ ನಮ್ಮ ಕಡೆ ಮದುವೆಮನೆ ಪಂಕ್ತಿಯಲ್ಲಿ, ಸೊಸೈಟಿ ಕಟ್ಟೆ ಮೇಲೆ, ಫ್ಯಾಮಿಲಿ ವಾಟ್ಸಾಪ್ ಗುಂಪಲ್ಲಿ ಮುಗಿಯದೇ ಇರೋ ವಾದ. ಪೇಟೆ ಇಳೀತಾ ಇರುವಾಗ ಕೈಲಿರೋ ದುಡ್ಡನ್ನು ಬಂಗಾರಕ್ಕೆ ಹಾಕಬೇಕಾ, ಶಿರಸಿಯಲ್ಲೋ ಸಿದ್ದಾಪುರದಲ್ಲೋ ಒಂದು ಸೈಟು, ಮನೆಗೆ ಹಾಕಬೇಕಾ? ಒಬ್ಬರು 'ಭೂಮಿ ಎಲ್ಲಿಗೂ ಓಡಿಹೋಗಲ್ಲ' ಅಂತಾರೆ. ಇನ್ನೊಬ್ಬರು 'ಬಂಗಾರ ರಾತ್ರಿ ಹನ್ನೆರಡಕ್ಕೂ ದುಡ್ಡಾಗುತ್ತೆ' ಅಂತಾರೆ. ಇಬ್ಬರೂ ಅರ್ಧ ಸರಿ. ಉಳಿದರ್ಧ ನೋಡೋಣ.

ಮೊದಲೇ ಹೇಳ್ತೀನಿ, ನಾನು ಬಿಕಾಂ ಓದಿದ್ದೀನಿ ಅಷ್ಟೇ, ಸೆಬಿ ನೋಂದಣಿ ನನಗಿಲ್ಲ. ಇದನ್ನು ಸಲಹೆ ಅಂತ ತಗೋಬೇಡಿ, ಲೆಕ್ಕ ಅಂತ ತಗೊಳ್ಳಿ.

ಮೊದಲು ಬಂಗಾರ. 'ಬಂಗಾರ ಇಳಿಯೋದೇ ಇಲ್ಲ' ಅನ್ನೋದು ಸುಳ್ಳು. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಬಂಗಾರ 1999ರ ಹೊತ್ತಿಗೆ ಸುಮಾರು 250ಕ್ಕೆ ಬಂದಿತ್ತು. 2011ರ ಸೆಪ್ಟೆಂಬರಲ್ಲಿ 1,900 ಡಾಲರ್ ಇದ್ದದ್ದು 2015ರ ಡಿಸೆಂಬರಲ್ಲಿ 1,050ರ ಹತ್ತಿರ ಬಂತು. ಅಂದ್ರೆ ನೂರಕ್ಕೆ 45ರಷ್ಟು ಇಳಿತ. 2025ರ ಅಕ್ಟೋಬರ್ 21ಕ್ಕೆ ಒಂದೇ ದಿನದಲ್ಲಿ ಶೇ 5ಕ್ಕಿಂತ ಜಾಸ್ತಿ ಬಿತ್ತು. ಅವತ್ತು ಎಷ್ಟು ಗುಂಪುಗಳಲ್ಲಿ 'ಬಂಗಾರ ಇಳದ್ದಡ' ಅಂತ ಮೆಸೇಜು ಓಡಾಡಿರಬಹುದು, ನೀವೇ ಊಹಿಸಿ.

ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ. 2011ರಿಂದ 2015ರವರೆಗೆ ಡಾಲರಲ್ಲಿ 45 ಪರ್ಸೆಂಟ್ ಬಿದ್ದ ಬಂಗಾರ, ನಮ್ಮ ರೂಪಾಯಿಯಲ್ಲಿ ಅದರ ಅರ್ಧದಷ್ಟೂ ಬೀಳಲಿಲ್ಲ. ಅದೇ ಕಾಲದಲ್ಲಿ ರೂಪಾಯಿ ದುರ್ಬಲ ಆಯ್ತು, ಸರಕಾರ 2013ರಲ್ಲಿ ಆಮದು ಸುಂಕವನ್ನು ಶೇ 10ಕ್ಕೆ ಏರಿಸಿತು. ನಾವು ಬಂಗಾರ ಕೊಂಡಾಗ ಅರ್ಧ ಡಾಲರನ್ನೂ ಕೊಂಡ ಹಾಗೆ. ಸುಂಕ ಇಳಿಸಿದ್ರೆ ಉಲ್ಟಾ ಪೆಟ್ಟು ಬೀಳುತ್ತೆ. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕ ಶೇ 15ರಿಂದ 6ಕ್ಕೆ ಬಂದಾಗ ನಮ್ಮ ಪೇಟೆಯಲ್ಲಿ ದರ ತಕ್ಷಣ ಕುಸಿದದ್ದು ನೆನಪಿರಬಹುದು.

ರೂಪಾಯಿ ನಮ್ಮನ್ನು ಕಾಪಾಡಿತು ಅಂದ ಮಾತ್ರಕ್ಕೆ ಲಾಭ ಬಂತು ಅಂತಲ್ಲ. 2012ರ ಕೊನೆಗೆ ಕೊಂಡವರಿಗೆ ಆರೇಳು ವರ್ಷ ಬಂಗಾರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಆದ್ರೆ ಎಲ್ಲರೂ ಬೇಸತ್ತಿದ್ದ 2015ರ ನವೆಂಬರಲ್ಲೇ ಸರಕಾರದ ಮೊದಲ ಸಾವರಿನ್ ಗೋಲ್ಡ್ ಬಾಂಡ್ ಬಂತು, ಗ್ರಾಮಿಗೆ 2,684 ರೂಪಾಯಿ. ಎಂಟು ವರ್ಷ ಆದ ಮೇಲೆ, 2023ರ ನವೆಂಬರಲ್ಲಿ, ಅದಕ್ಕೆ ಕೊಟ್ಟದ್ದು 6,132. ವರ್ಷಕ್ಕೆ ಸುಮಾರು 11 ಪರ್ಸೆಂಟ್, ಜೊತೆಗೆ ಬಡ್ಡಿ ಬೇರೆ. ವಸ್ತು ಒಂದೇ, ಕೊಂಡ ಸಮಯ ಮತ್ತು ಕಾದ ತಾಳ್ಮೆ ಬೇರೆ.

ಇನ್ನು ಆಭರಣ. ಗ್ರಾಮಿಗೆ 10,000 ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. 20 ಗ್ರಾಮಿನ ಸರ, ಬಂಗಾರ 2 ಲಕ್ಷ. ಮಜೂರಿ ಶೇ 12 ಅಂದ್ರೆ 24 ಸಾವಿರ. ಮೇಲೆ ಶೇ 3 ಜಿಎಸ್‌ಟಿ, 6,720. ಒಟ್ಟು 2,30,720 ಕೊಟ್ಟು ಅಂಗಡಿ ಮೆಟ್ಟಿಲು ಇಳಿದ್ರಿ. ಮಾರನೇ ದಿನ ಮಾರೋಕೆ ಹೋದ್ರೆ ಜಾಸ್ತಿ ಅಂದ್ರೆ 2 ಲಕ್ಷ ಸಿಗುತ್ತೆ. ಅಂದ್ರೆ ಬಂಗಾರದ ದರ ಶೇ 15ಕ್ಕಿಂತ ಜಾಸ್ತಿ ಏರಿದ ಮೇಲೆ ನಿಮ್ಮ ಅಸಲು ವಾಪಸ್. ಹಾಗಾಗಿ ಹಾಕಿಕೊಳ್ಳೋಕೆ ಸರ ಕೊಳ್ಳಿ, ಖುಷಿಯಿಂದ ಕೊಳ್ಳಿ. ಅದನ್ನು ಹೂಡಿಕೆ ಅಂತ ಕರೀಬೇಡಿ. ಹೂಡಿಕೆ ಅಂದ್ರೆ ನಾಣ್ಯ, ಇಟಿಎಫ್ ಇಂಥವು.

ಈಗ ಮನೆ ಕಡೆ ಬರೋಣ. ಮನೆ ಬೆಲೆ ಇಳಿಯೋ ರೀತಿಯೇ ಬೇರೆ. ಅಮೆರಿಕದಲ್ಲಿ 2006ರಿಂದ 2012ರವರೆಗೆ ಮನೆ ಬೆಲೆ ಕಾಲುಭಾಗಕ್ಕಿಂತ ಜಾಸ್ತಿ ಬಿತ್ತು, ಅದಕ್ಕೆ ಸೂಚ್ಯಂಕ ಇದೆ, ತಿಂಗಳು ತಿಂಗಳು ಪ್ರಕಟ ಆಗುತ್ತೆ. ನಮ್ಮಲ್ಲಿ ಹಾಗಲ್ಲ. ಶಿರಸಿಯ ಸೈಟಿಗೆ ಲೈವ್ ರೇಟ್ ಇಲ್ಲ. ಮಾರೋರು 'ನಾನು 20ಕ್ಕಿಂತ ಕಮ್ಮಿಗೆ ಕೊಡಲ್ಲ' ಅಂತಾರೆ, ಕೊಳ್ಳೋರು ಬರೋದೇ ಇಲ್ಲ. ಬೆಲೆ 20 ಲಕ್ಷ ಅಂತಲೇ ಊರಲ್ಲಿ ಹೇಳ್ತಾ ಇರ್ತಾರೆ. ಎರಡು ವರ್ಷ ಗಿರಾಕಿ ಇಲ್ಲ ಅಂದ್ರೆ ಅದೂ ಇಳಿತವೇ. ಬಂಗಾರದ ನಷ್ಟ ರೂಪಾಯಿಯಲ್ಲಿ ಕಾಣುತ್ತೆ, ಸೈಟಿನ ನಷ್ಟ ಕಾಲದಲ್ಲಿ ಕಳೆದುಹೋಗುತ್ತೆ.

ಖರ್ಚೂ ಇದೆ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಏಳೂವರೆ ಪರ್ಸೆಂಟ್ ದಾಟುತ್ತೆ. 20 ಲಕ್ಷಕ್ಕೆ ಒಂದೂವರೆ ಲಕ್ಷ ಸಬ್‌ರಿಜಿಸ್ಟ್ರಾರ್ ಆಫೀಸಲ್ಲೇ ಹೋಯ್ತು. ಆ ಮನೆಗೆ ತಿಂಗಳಿಗೆ 6 ಸಾವಿರ ಬಾಡಿಗೆ ಬಂದ್ರೆ ವರ್ಷಕ್ಕೆ 72 ಸಾವಿರ, ಅಂದ್ರೆ ಶೇ 3.6. ಹಂಚು, ಒರಲೆ, ಬಣ್ಣ, ಮನೆ ಕರ ಎಲ್ಲ ಅದರಲ್ಲೇ ಕಳೀಬೇಕು. ಆದ್ರೂ ಒಂದು ಮಾತು ಒಪ್ಪಲೇಬೇಕು, ಬೆಲೆ ಬಿದ್ರೂ ಮನೆ ಬಾಡಿಗೆ ಕೊಡುತ್ತೆ, ಇಲ್ಲಾ ನಿಮಗೆ ಸೂರು ಕೊಡುತ್ತೆ. ಲಾಕರಲ್ಲಿರೋ ಬಂಗಾರ ಏನೂ ಕೊಡಲ್ಲ, ಲಾಕರ್ ಬಾಡಿಗೆಯನ್ನೂ ನೀವೇ ಕಟ್ಟಬೇಕು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು, ಕಾಗದಪತ್ರ. ಉತ್ತರ ಕನ್ನಡದ ಬಹುಪಾಲು ಅರಣ್ಯ. ಅತಿಕ್ರಮಣದ ಜಾಗದಲ್ಲಿ ಕಟ್ಟಿದ ಮನೆಯಲ್ಲಿ ಮೂರು ತಲೆಮಾರು ಬದುಕಿರಬಹುದು, ಆದ್ರೆ ಅದನ್ನು ಮಾರೋಕಾಗಲ್ಲ, ಅಡವಿಟ್ಟು ಸಾಲ ತರೋಕಾಗಲ್ಲ. ಸೊಪ್ಪಿನ ಬೆಟ್ಟ ತೋಟಕ್ಕೆ ಬೇಕೇ ಬೇಕು, ಅದರ ಮಾಲೀಕತ್ವ ನಮ್ಮದಲ್ಲ. ಸೈಟು ನೋಡೋಕೆ ಹೋದಾಗ 'ಎಲ್ಲಾ ಕ್ಲಿಯರ್ ಇದೆ ಮಾರಾಯ್ರೆ' ಅಂದ್ರೆ ಸಾಲದು. ಎನ್‌ಎ ಆದೇಶ, ಇ-ಸ್ವತ್ತು ಅಥವಾ ಇ-ಖಾತಾ, ಋಣಭಾರ ಪತ್ರ, ಈ ಮೂರೂ ಕೈಗೆ ಬರೋ ತನಕ ಅಡ್ವಾನ್ಸ್ ಕೊಡಬೇಡಿ. ಪೇಟೆ ಏರುವಾಗ ಕಾಗದ ಸರಿ ಇಲ್ಲದ ಜಾಗವೂ ಹೋಗುತ್ತೆ. ಇಳಿಯುವಾಗ ಮೊದಲು ಸಿಕ್ಕಿಹಾಕಿಕೊಳ್ಳೋದು ಅದೇ.

ಈಗ ನಮ್ಮೂರಿನ ಮುಖ್ಯ ಲೆಕ್ಕ. ನಿಮ್ಮ ಮನೆ ಆದಾಯ ಅಡಿಕೆ. ತೋಟದ ಬೆಲೆ ನಿಂತಿರೋದು ಅಡಿಕೆ ಮೇಲೆ. ಶಿರಸಿ ಸೈಟು ಕೊಳ್ಳೋ ಗಿರಾಕಿಗಳಲ್ಲಿ ಎಷ್ಟೋ ಜನರ ದುಡ್ಡೂ ಅಡಿಕೆಯದ್ದೇ. ರಾಶಿ, ಚಾಲಿ ದರ ಬಿದ್ದ ವರ್ಷ, ಇಲ್ಲಾ ಕೊಳೆ, ಎಲೆಚುಕ್ಕೆ ಜೋರಾದ ವರ್ಷ, ನಿಮ್ಮ ಆದಾಯ, ತೋಟ, ಸೈಟು ಮೂರೂ ಒಟ್ಟಿಗೆ ಕುಂಟುತ್ತೆ. ಬಂಗಾರದ ದರ ನಿರ್ಧಾರ ಆಗೋದು ಲಂಡನ್, ನ್ಯೂಯಾರ್ಕಲ್ಲಿ. ಅದಕ್ಕೆ ಶಿರಸಿ ಮಳೆ ಎಷ್ಟಾಯ್ತು ಅಂತ ಗೊತ್ತಿಲ್ಲ. ಅದಕ್ಕೇ ಅಡಿಕೆ ಮನೆಗೆ ಸ್ವಲ್ಪ ಬಂಗಾರ ಒಳ್ಳೇದು. ಲಾಭ ಜಾಸ್ತಿ ಅಂತಲ್ಲ, ಅಡಿಕೆ ಜೊತೆಗೇ ಬೀಳಲ್ಲ ಅಂತ. ಬೆಂಗಳೂರಲ್ಲಿ ಸಂಬಳಕ್ಕಿರೋ ಊರಿನ ಹುಡುಗ ಹುಡುಗಿಯರಿಗೆ ಲೆಕ್ಕ ಬೇರೆ. ನಿಮಗೆ ಅಡಿಕೆ ಅಪಾಯ ಕಮ್ಮಿ, ವಾಸಕ್ಕೆ ಮನೆ ಬೇಕಾದ್ರೆ ಬೆಲೆ ತಣ್ಣಗಿರುವಾಗ ಚೌಕಾಸಿ ಮಾಡಿ ಕೊಳ್ಳೋದು ತಪ್ಪಲ್ಲ.

ಆದ್ರೆ ಇಳಿಯೋ ಪೇಟೆಯಲ್ಲಿ ಜನ ಮುಳುಗೋದು ಬಂಗಾರದಿಂದಲೂ ಅಲ್ಲ, ಮನೆಯಿಂದಲೂ ಅಲ್ಲ, ಸಾಲದಿಂದ. 20 ಲಕ್ಷದ ಮನೆಗೆ 5 ಲಕ್ಷ ನಿಮ್ಮದು, 15 ಲಕ್ಷ ಸಾಲ. ಬೆಲೆ ಶೇ 10 ಬಿದ್ರೆ ಹೋಗೋದು 2 ಲಕ್ಷ, ಅದು ನಿಮ್ಮ 5 ಲಕ್ಷದ ಶೇ 40. ಬಡ್ಡಿ ಎಂಟೂವರೆ ಇದ್ರೆ 20 ವರ್ಷಕ್ಕೆ ತಿಂಗಳ ಕಂತು ಸುಮಾರು 13 ಸಾವಿರ. ಕೆಲಸ ಹೋದ ತಿಂಗಳೂ ಕಟ್ಟಬೇಕು. ಬಂಗಾರಕ್ಕೂ ಇದೇ ಕತೆ. ಆರ್‌ಬಿಐ 2025ರ ಜೂನಲ್ಲಿ ತಂದ ನಿಯಮದಲ್ಲಿ ಎರಡೂವರೆ ಲಕ್ಷದವರೆಗಿನ ಆಭರಣ ಸಾಲಕ್ಕೆ ಮೌಲ್ಯದ ಶೇ 85ರವರೆಗೂ ಕೊಡಬಹುದು. ಸಾಲ ಜಾಸ್ತಿ ಸಿಗುತ್ತೆ ಅಂತ ಖುಷಿಪಡಬೇಡಿ. ದರ ಶೇ 15 ಬಿದ್ರೆ ಅಲ್ಲಿಗೆ ಸಾಲ ಮತ್ತು ಬಂಗಾರ ಸಮ, ಮುಂದಿನ ಹೆಜ್ಜೆ ಹರಾಜಿನ ನೋಟಿಸು.

ಕೊನೆಗೆ, ಈ ಸಂಚಿಕೆ ಮಾಡಿದ್ದೇ ಈ ಮಾತಿಗೋಸ್ಕರ. 'ಮನೆಯೋ ಬಂಗಾರವೋ' ಅಂತ ವಾದ ಮಾಡುವಾಗ ಯಾರೂ ಕೇಳದ ಪ್ರಶ್ನೆ: ಯಾರ ಬಂಗಾರ, ಯಾರ ಮನೆ? ಪಹಣಿಯಲ್ಲಿ ಹೆಸರು ಅಜ್ಜನದ್ದೋ ಅಪ್ಪನದ್ದೋ. ಆಯಿಯ ಹೆಸರಲ್ಲಿ ಇರೋದು ಕಪಾಟಿನಲ್ಲಿರೋ ನಾಲ್ಕು ಬಳೆ, ಒಂದು ಸರ. ದುಡ್ಡಿಗೆ ಅಡಚಣೆ ಆದ ಕೂಡಲೇ ಯಾವುದು ಸುಲಭವಾಗಿ ನಗದಾಗುತ್ತೋ ಅದು ಮೊದಲು ಹೋಗುತ್ತೆ. ಅಂದ್ರೆ ಆಯಿಯ ಬಂಗಾರ. ತಮ್ಮನ ಸೈಟಿಗೆ, ಬಾವಿಗೆ, ಆಸ್ಪತ್ರೆಗೆ ಅದೇ ಅಡವು. ಜಾಗ ಉಳೀತು, ಜಾಗ ಅವಳ ಹೆಸರಲ್ಲಿಲ್ಲ. ಕಾನೂನು ಸ್ತ್ರೀಧನ ಹೆಂಡತಿಯದ್ದೇ ಅನ್ನುತ್ತೆ. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆದ್ರೆ ಅಡವಿನ ಚೀಟಿ ಮೇಲೆ ಇದೆಲ್ಲ ಬರೆದಿರಲ್ಲ.

ಹಾಗಾಗಿ ನನ್ನ ಕಡೆಯಿಂದ ಮೂರು ಸೂತ್ರ. ಒಂದು, ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಇಲ್ಲದೆ ಬಂಗಾರವೂ ಬೇಡ, ಸೈಟೂ ಬೇಡ. ಬಿದ್ದ ಪೇಟೆಯಲ್ಲಿ ಅವಸರಕ್ಕೆ ಮಾರೋ ಪ್ರಸಂಗ ತಪ್ಪುತ್ತೆ. ಎರಡು, ಬಂಗಾರ ಒಂದೇ ಸಲ ಬೇಡ, ತಿಂಗಳಿಗಿಷ್ಟು. ಮನೆ ವಾಸಕ್ಕೆ ಮಾತ್ರ, ಕಾಗದ ಸರಿ ಇದ್ರೆ ಮಾತ್ರ. ಮೂರು, ಆಯಿಯ ಬಂಗಾರ ಅಡವಿಟ್ಟು ಜಾಗ ಕೊಂಡ್ರೆ ಆ ಜಾಗದ ಕ್ರಯಪತ್ರದಲ್ಲಿ ಆಯಿಯ ಹೆಸರೂ ಇರಲಿ. ಕ್ರಯಪತ್ರ ಬರೆಸುವ ದಿನವೇ ಸೇರಿಸಿದ್ರೆ ಒಂದು ಹೆಸರು ಜಾಸ್ತಿ ಅಷ್ಟೇ, ಆಮೇಲೆ ಸೇರಿಸೋಕೆ ಹೋದ್ರೆ ಮತ್ತೆ ಖರ್ಚು, ಮತ್ತೆ ಜಗಳ.

ನಿಮ್ಮ ಮನೇಲಿ ಈ ಮೂರನೇ ಮಾತು ಎತ್ತಿದಾಗ ಏನು ಉತ್ತರ ಬಂತು, ವಾಯ್ಸ್ ಮೆಸೇಜು ಕಳಿಸಿ. ಹೆಸರು ಹಾಕಲ್ಲ. ಮುಂದಿನ ಸಂಚಿಕೆಯಲ್ಲಿ ಬೆಳೆಸಾಲದ ಬಡ್ಡಿ ಲೆಕ್ಕ ಹಾಕೋಣ. ಅಲ್ಲೀವರೆಗೆ, ಬರ್ತೀನಿ, ನಮಸ್ಕಾರ.