ಒಂದು ಕಾರು, ಆರು ಹೆಸರುಗಳು

ನಾವು ಪೇಟೆಗೆ ಹೋಗಿ ಸರಕನ್ನು ಕೊಳ್ಳುವಾಗ ಪದಾರ್ಥಕ್ಕೆ ಬೆಲೆ ಕೊಡುತ್ತೇವೆಯೋ, ಪದಾರ್ಥದ ಮೇಲೆ ಅಂಟಿಸಿದ ಹೆಸರಿಗೆ ಬೆಲೆ ಕೊಡುತ್ತೇವೆಯೋ ಎಂಬ ಪ್ರಶ್ನೆ ಬಹು ಹಳೆಯದು. ಇದನ್ನು ವಿಚಾರಮಾಡುವುದಕ್ಕೆ ಬ್ರಿಟನ್ನಿನ ಮೋಟಾರು ಉದ್ಯಮದ ಚರಿತ್ರೆಯಲ್ಲಿ ಒಂದು ಒಳ್ಳೆಯ ನಿದರ್ಶನವುಂಟು. 1962ರಿಂದ 1974ರವರೆಗಿನ ಅವಧಿಯಲ್ಲಿ ಅಲ್ಲಿ ಒಂದೇ ಸಂಸಾರದ ಕಾರು ಮಾರಿಸ್, ಎಂ.ಜಿ., ಆಸ್ಟಿನ್, ವ್ಯಾನ್ ಡೆನ್ ಪ್ಲಾಸ್, ವೂಲ್ಸ್‌ಲೀ, ರೈಲಿ ಎಂಬ ಆರು ಹೆಸರುಗಳಿಂದ ಮಾರಾಟವಾಯಿತು. ಅದರ ಕಥೆಯನ್ನು ಈ ದಿನ ಸಂಗ್ರಹವಾಗಿ ಹೇಳುತ್ತೇವೆ.

ಈ ಹೆಸರುಗಳು ಮೊದಲಿಗೆ ಬರಿಯ ಹೆಸರುಗಳಾಗಿರಲಿಲ್ಲ. ಹರ್ಬರ್ಟ್ ಆಸ್ಟಿನ್ ಎಂಬಾತನು ವೂಲ್ಸ್‌ಲೀ ಕಾರುಗಳನ್ನು ನಿರ್ಮಿಸಿ ಅನುಭವ ಪಡೆದು, 1905ರಲ್ಲಿ ಲಾಂಗ್‌ಬ್ರಿಜ್‌ನಲ್ಲಿ ತನ್ನದೇ ಕಾರ್ಖಾನೆಯನ್ನು ತೆರೆದನು. ಆಕ್ಸ್‌ಫರ್ಡಿನಲ್ಲಿ ಬೈಸಿಕಲ್ ರಿಪೇರಿಯಿಂದ ಜೀವನವನ್ನಾರಂಭಿಸಿದ ವಿಲಿಯಂ ಮಾರಿಸ್ 1913ರಲ್ಲಿ ಮೊದಲ ಕಾರನ್ನು ಹೊರಡಿಸಿದನು. 1927ರಲ್ಲಿ ವೂಲ್ಸ್‌ಲೀ ಕಂಪೆನಿ ದಿವಾಳಿಯೆದ್ದು ಮಾರಾಟಕ್ಕೆ ಬಂದಾಗ ಇವರಿಬ್ಬರೂ ಪೈಪೋಟಿ ನಡೆಸಿದರು, ಮಾರಿಸ್ ಗೆದ್ದನು. 1938ರಲ್ಲಿ ರೈಲಿಯೂ ಅವನ ಕೈಸೇರಿತು. ಎಂ.ಜಿ. ಎಂಬ ಎರಡು ಅಕ್ಷರಗಳು ಅವನ ಮಾರಿಸ್ ಗರಾಜುಗಳಿಂದಲೇ ಹುಟ್ಟಿದುವು. ಹೀಗೆ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕಾರ್ಖಾನೆ, ಒಂದೊಂದು ಕೈಚಳಕ, ಒಂದೊಂದು ಅಭಿಮಾನಿಗಳ ಬಳಗ ಇದ್ದಿತು.

1952ರಲ್ಲಿ ಆಸ್ಟಿನ್ ಪಂಗಡವೂ ಮಾರಿಸ್ ಪಂಗಡವೂ ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ಒಂದೇ ಸಂಸ್ಥೆಯಾದುವು. ಕಾಗದದ ಮೇಲೆ ಮದುವೆಯಾಯಿತು. ಆದರೆ ಮನೆಗಳು ಎರಡಾಗಿಯೇ ಉಳಿದುವು. ಆಸ್ಟಿನ್ ಮಾರುವವರ ಅಂಗಡಿಗಳು ಬೇರೆ, ಮಾರಿಸ್ ಮಾರುವವರ ಅಂಗಡಿಗಳು ಬೇರೆ. ಇವರಲ್ಲಿ ಯಾರೊಬ್ಬರನ್ನೂ ಬರಿಗೈಯಲ್ಲಿ ಕೂರಿಸುವಂತಿರಲಿಲ್ಲ. ಹೊಸದೊಂದು ಕಾರಿನ ಅಚ್ಚುಗಳಿಗೆ ತಗಲುವ ವೆಚ್ಚವೋ ಅಪಾರವಾದುದು. ಆದುದರಿಂದ ಕಾರು ಒಂದೇ ಇರಲಿ, ಬಿಲ್ಲೆಗಳು ಹಲವಾಗಲಿ ಎಂದು ಆಡಳಿತದವರು ನಿಶ್ಚಯಿಸಿದರು.

ಕಾರೇನೋ ಉತ್ತಮವಾದುದೇ. ಅದನ್ನು ಕಲ್ಪಿಸಿದವನು, 1959ರಲ್ಲಿ ಮಿನಿ ಕಾರನ್ನು ಕೊಟ್ಟು ಪ್ರಸಿದ್ಧನಾದ ಅಲೆಕ್ ಇಸಿಗೋನಿಸ್. ಯಂತ್ರವನ್ನು ಅಡ್ಡಲಾಗಿ ಕೂರಿಸಿ, ಗೇರುಪೆಟ್ಟಿಗೆಯನ್ನು ಅದರ ಅಡಿಯಲ್ಲಿಯೇ ಅಡಗಿಸಿ, ಮುಂದಿನ ಚಕ್ರಗಳಿಗೆ ಚಾಲನೆ ಕೊಟ್ಟದ್ದರಿಂದ, ಗಾಡಿ ಚಿಕ್ಕದಾದರೂ ಒಳಗೆ ನಾಲ್ವರು ಕಾಲು ಚಾಚಿ ಕುಳಿತುಕೊಳ್ಳುವಷ್ಟು ಸ್ಥಳ ದೊರೆಯಿತು. ಅಲೆಕ್ಸ್ ಮೌಲ್ಟನ್ ರೂಪಿಸಿದ ತೂಗುವ್ಯವಸ್ಥೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿಗೆ ಬದಲಾಗಿ ರಬ್ಬರೂ ದ್ರವವೂ ಕೆಲಸ ಮಾಡುತ್ತಿದ್ದುವು. ಮುಂದಿನ ಚಕ್ರ ದಿಣ್ಣೆಯನ್ನು ಹತ್ತಿದೊಡನೆ ದ್ರವವು ಕೊಳವೆಯ ಮೂಲಕ ಅದೇ ಪಕ್ಕದ ಹಿಂದಿನ ಚಕ್ರದ ಕಡೆಗೆ ಹರಿದು ಗಾಡಿಯನ್ನು ಸಮತೂಕದಲ್ಲಿ ನಿಲ್ಲಿಸುವುದು. ಹೊರಗಿನ ಆಕೃತಿ ಇಟಲಿಯ ಪಿನಿನ್‌ಫರೀನಾ ಸಂಸ್ಥೆಯದು.

1962ರಲ್ಲಿ ಮಾರಿಸ್ 1100 ಬಂದಿತು. ಅದೇ ವರ್ಷ ಎರಡು ಕಾರ್ಬುರೇಟರುಗಳ ಎಂ.ಜಿ. ಬಂದಿತು. 1963ರಲ್ಲಿ ಆಸ್ಟಿನ್ನೂ, ಚರ್ಮದ ಆಸನ ಮತ್ತು ಮರದ ಅಲಂಕಾರಗಳಿಂದ ಕೂಡಿದ ವ್ಯಾನ್ ಡೆನ್ ಪ್ಲಾಸ್ ಕಾರೂ ಬಂದುವು. 1965ರಲ್ಲಿ ವೂಲ್ಸ್‌ಲೀಯೂ ರೈಲಿ ಕೆಸ್ಟ್ರೆಲ್ಲೂ ಸೇರಿದುವು. ಮುಂಭಾಗದ ಜಾಲರಿ, ಒಳಗಿನ ಸಜ್ಜು, ಯಂತ್ರದ ಶಕ್ತಿಯಲ್ಲಿ ಅಲ್ಪ ಹೆಚ್ಚುಕಡಮೆ, ಇವಿಷ್ಟೇ ಭೇದ. ಸ್ವಂತ ಯಂತ್ರವಿದ್ದ ಕೊನೆಯ ರೈಲಿಯ ತಯಾರಿಕೆ 1957ರಲ್ಲಿಯೇ ನಿಂತಿತ್ತು. ಕೆಸ್ಟ್ರೆಲ್ಲಿನೊಳಗೆ ಇದ್ದದ್ದು ಆಸ್ಟಿನ್ ವಂಶದ ಯಂತ್ರ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲವೆಂಬ ಗಾದೆಯನ್ನು ಇಲ್ಲಿ ಪೂರ್ತಿಯಾಗಿ ಹೇಳಲಾಗದು. ಹಾಲು ಇದ್ದಿತು, ಒಳ್ಳೆಯ ಹಾಲೇ. ಆದರೆ ಒಂದೇ ಹಸುವಿನ ಹಾಲನ್ನು ಆರು ಚೊಂಬುಗಳಿಗೆ ತುಂಬಿ ಆರು ದರ ಹೇಳುತ್ತಿದ್ದರು.

ಜನ ಮೋಸಹೋದರೆ? ಹಾಗೆನ್ನಲಾಗದು. ಆ ದಶಕದ ಹೆಚ್ಚಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಅಧಿಕವಾಗಿ ಮಾರಾಟವಾದುದು ಈ ಕಾರೇ. ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ತಯಾರಾದುವು. ನಷ್ಟವಾದುದು ಹೆಸರುಗಳಿಗೆ. ಹೆಸರೆಂಬುದು ಹಿಂದಿನವರ ದುಡಿಮೆಯಿಂದ ಕೂಡಿಬಂದ ಇಡುಗಂಟು. ಹೊಸ ದುಡಿಮೆಯನ್ನು ಸೇರಿಸದೆ ಅದನ್ನೇ ಖರ್ಚುಮಾಡುತ್ತ ಹೋದರೆ ಒಂದು ದಿನ ಗಂಟು ಬರಿದಾಗುವುದು. ಪ್ರತಿಸ್ಪರ್ಧಿಯಾದ ಫೋರ್ಡ್ ಕಂಪೆನಿಯು 1962ರಲ್ಲಿಯೇ ಹೊರತಂದ ಕಾರ್ಟಿನಾ ಕಾರಿಗೆ ಒಂದೇ ಹೆಸರು. ದುಬಾರಿ, ಅಗ್ಗ ಎಂಬ ಭೇದಗಳು ಆ ಹೆಸರಿನೊಳಗೇ ಅಡಕವಾಗಿದ್ದುವು. 1967ರಲ್ಲಿ ಅದು ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ರಚಿತವಾಯಿತು. 1969ರಲ್ಲಿ ರೈಲಿ ಹೆಸರು ಅಳಿಯಿತು. 1975ರಲ್ಲಿ ವೂಲ್ಸ್‌ಲೀ ಹೆಸರು ಅಳಿಯಿತು. ಅದೇ ವರ್ಷ ಸಂಸ್ಥೆಯೇ ಸರ್ಕಾರದ ಆಶ್ರಯಕ್ಕೆ ಬಂದಿತು. ಈ ಪತನಕ್ಕೆ ಬಿಲ್ಲೆಗಳೊಂದೇ ಕಾರಣವೆನ್ನುವುದು ಸರಿಯಲ್ಲ. ಕಾರ್ಮಿಕರ ಕಲಹಗಳೂ ಹಳೆಯ ಕಾರ್ಖಾನೆಗಳೂ ಅದರಲ್ಲಿ ಭಾಗಿಗಳು. ಆದರೂ ಒಂದಾಗಬೇಕಾಗಿದ್ದ ಮನೆ ಎರಡಾಗಿಯೇ ಉಳಿದುದನ್ನು ಬಹುಕಾಲ ಮರೆಮಾಡಿದ ತೆರೆ ಈ ಬಿಲ್ಲೆಗಳೇ ಎಂದು ನಮಗೆ ತೋರುತ್ತದೆ.

ಮಾರಿಸ್ ವಂಶದ ಇನ್ನೊಂದು ಕವಲು ನಮ್ಮ ದೇಶಕ್ಕೂ ಬಂದಿತ್ತು. ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯೇ 1957ರಿಂದ ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಡರ್ ಆಗಿ ನಮ್ಮ ರಸ್ತೆಗಳಲ್ಲಿ ಓಡಿತು. 2014ರಲ್ಲಿ ಅದರ ತಯಾರಿಕೆ ನಿಂತಿತು. 2017ರಲ್ಲಿ ಅಂಬಾಸಡರ್ ಎಂಬ ಹೆಸರು ಮಾತ್ರ 80 ಕೋಟಿ ರೂಪಾಯಿಗಳಿಗೆ ಫ್ರಾನ್ಸಿನ ಪ್ಯೂಜೊ ಸಂಸ್ಥೆಗೆ ಮಾರಾಟವಾಯಿತು. ಗಾಡಿ ಹೋದಮೇಲೂ ಹೆಸರಿಗೆ ಇಷ್ಟು ಬೆಲೆ! ಅರ್ಧ ಶತಮಾನಕ್ಕೂ ಮೀರಿ ಅದನ್ನು ಕಟ್ಟಿದ ಕೈಗಳೂ ಓಡಿಸಿದ ಕೈಗಳೂ ಕೂಡಿಟ್ಟ ಬೆಲೆ ಅದು. ಕೊಂಡವರು ಅದನ್ನು ಬೆಳಸಬಹುದು, ಕರಗಿಸಲೂಬಹುದು. ಹೊಸದಾಗಿ ಸಂಪಾದಿಸಬೇಕಾದರೆ ಮಾತ್ರ ಮತ್ತೆ ಒಳ್ಳೆಯ ಗಾಡಿಯನ್ನೇ ಕಟ್ಟಬೇಕು.